ಓಕ್ ಪೀಪಾಯಿಯ ಮೆರ್ಲೋ ವೈನ್ ಮತ್ತು ಅದರ ಆಸ್ವಾದನೆ

ಮೆರ್ಲೋ ಎಂಬುದು ಕೆಂಪು ವೈನ್ ತಯಾರಿಕೆಗೆ ಬಳಸುವ ಕಪ್ಪು ದ್ರಾಕ್ಷಿಯ ಒಂದು ತಳಿ. ಈ ದ್ರಾಕ್ಷಿಯ ರಸವನ್ನು ಸಿಪ್ಪೆಯ ಸಮೇತ ಹುದುಗಿಸಿ, ಬಳಿಕ ಕೆಲವು ತಿಂಗಳು ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದರೆ ದೊರೆಯುವುದೇ ಓಕ್ ಪೀಪಾಯಿಯ ಮೆರ್ಲೋ ವೈನ್. ಇಂತಹ ವೈನಿನ ಬಣ್ಣ, ಪರಿಮಳ, ರುಚಿ ಹಾಗೂ ನುಂಗಿದ ಮೇಲೆ ಬಾಯಲ್ಲಿ ಉಳಿಯುವ ಅನುಭವವನ್ನು ಕ್ರಮವಾಗಿ ಗಮನಿಸಿ ತೂಗಿ ನೋಡುವುದಕ್ಕೆ ಆಸ್ವಾದನೆ ಎನ್ನುತ್ತಾರೆ. ಇದು ಕುಡಿಯುವುದಕ್ಕಿಂತ ಭಿನ್ನವಾದ ಕ್ರಿಯೆ. ವೃತ್ತಿಪರ ಆಸ್ವಾದಕರು ಬಾಯಿಗೆ ತೆಗೆದುಕೊಂಡ ವೈನನ್ನು ಸಾಮಾನ್ಯವಾಗಿ ಉಗುಳಿಬಿಡುತ್ತಾರೆ.

ಇಲ್ಲಿ ಆಸ್ವಾದಕನ ಮುಂದಿರುವ ಮುಖ್ಯ ಪ್ರಶ್ನೆ ಒಂದೇ: ಲೋಟದಲ್ಲಿರುವ ಗುಣಗಳಲ್ಲಿ ಹಣ್ಣಿನಿಂದ ಬಂದದ್ದು ಯಾವುದು, ಮರದಿಂದ ಬಂದದ್ದು ಯಾವುದು, ಇವೆರಡೂ ಹೊಂದಿಕೊಂಡಿವೆಯೇ? ಕರ್ನಾಟಕದ ನಂದಿ ಬೆಟ್ಟದ ತಪ್ಪಲು, ಹಂಪಿ ಸೀಮೆ ಮೊದಲಾದೆಡೆ ವೈನ್ ದ್ರಾಕ್ಷಿಯ ಕೃಷಿ ನೆಲೆಗೊಂಡ ಮೇಲೆ ಈ ಪ್ರಶ್ನೆ ಕನ್ನಡ ಓದುಗರಿಗೂ ಪ್ರಸ್ತುತವಾಗಿದೆ. ಕೆಂಪು ವೈನಿನ ಪ್ರಧಾನ ಗುಣವಾದ ಒಗರಿಗೆ ಕನ್ನಡದಲ್ಲಿ ಮೊದಲಿನಿಂದಲೂ ಸ್ಪಷ್ಟವಾದ ಹೆಸರಿರುವುದು ಈ ಅಭ್ಯಾಸಕ್ಕೆ ಅನುಕೂಲವಾಗಿದೆ.

## ಹೆಸರು ಮತ್ತು ತಳಿಯ ಮೂಲ

ಫ್ರೆಂಚ್ ಭಾಷೆಯಲ್ಲಿ ಮೆರ್ಲ್ ಎಂದರೆ ಕಪ್ಪು ಬಣ್ಣದ ಒಂದು ಹಾಡುಹಕ್ಕಿ. ಹಣ್ಣಿನ ನೀಲಿಗಪ್ಪು ಬಣ್ಣದಿಂದಲೋ ಹಕ್ಕಿಗಳಿಗೆ ಈ ಹಣ್ಣಿನ ಮೇಲಿರುವ ಮೋಹದಿಂದಲೋ ಈ ಹೆಸರು ಬಂದಿರಬೇಕೆಂದು ಹೇಳುತ್ತಾರೆ. ಹೆಸರಿನ ಕೊನೆಯ ವ್ಯಂಜನ ಉಚ್ಚಾರದಲ್ಲಿ ಇಲ್ಲವಾದ್ದರಿಂದ ಕನ್ನಡದಲ್ಲಿ ಮೆರ್ಲೋ ಎಂದೇ ಬರೆಯುವುದು ರೂಢಿ.

ನೈಋತ್ಯ ಫ್ರಾನ್ಸಿನ ಬೋರ್ಡೋ ಪ್ರಾಂತ ಈ ತಳಿಯ ತವರು. ಅಲ್ಲಿನ ಲಿಬೂರ್ನ್ ಪ್ರದೇಶದ ಉತ್ತಮ ದ್ರಾಕ್ಷಿಗಳಲ್ಲಿ ಒಂದೆಂದು 1784ರ ದಾಖಲೆಯೊಂದರಲ್ಲಿ ಇದರ ಹೆಸರು ಬರುತ್ತದೆ. ಡಿಎನ್ಎ ಪರೀಕ್ಷೆಗಳ ಪ್ರಕಾರ ಕ್ಯಾಬರ್ನೆ ಫ್ರಾಂಕ್ ಇದರ ಒಬ್ಬ ಜನಕ. ಇನ್ನೊಂದು ಜನಕ ತಳಿಯು ಬಹುತೇಕ ಮರೆತುಹೋಗಿದ್ದ ಮ್ಯಾಗ್ಡಲೀನ್ ನ್ವಾರ್ ದೆ ಶಾರಾಂತ್ ಎಂಬುದು 2009ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು. ಪ್ರಸಿದ್ಧ ಕ್ಯಾಬರ್ನೆ ಸೋವಿನ್ಯೋನ್ ತಳಿಗೂ ಕ್ಯಾಬರ್ನೆ ಫ್ರಾಂಕ್ ಜನಕನಾದ್ದರಿಂದ ಇವೆರಡೂ ಒಡಹುಟ್ಟಿದವುಗಳಿಗೆ ಸಮೀಪ.

ಬೋರ್ಡೋದಲ್ಲಿ ಅತಿ ಹೆಚ್ಚು ವಿಸ್ತೀರ್ಣದಲ್ಲಿ ಬೆಳೆಯುವ ದ್ರಾಕ್ಷಿ ಮೆರ್ಲೋ. ದೊರ್ದೋನ್ ನದಿಯ ಬಲದಂಡೆಯ ಪೊಮೆರೋಲ್ ಮತ್ತು ಸೇಂತ್ ಎಮಿಲಿಯೋನ್ ಪ್ರದೇಶಗಳ ವೈನ್‌ಗಳಲ್ಲಿ ಇದಕ್ಕೆ ಪ್ರಧಾನ ಸ್ಥಾನವಿದೆ. ಜೇಡಿಮಣ್ಣಿನ ನೆಲದಲ್ಲಿ ಬೆಳೆದ ಪೊಮೆರೋಲಿನ ಶಾತೋ ಪೆತ್ರೂಸ್ ವೈನ್ ಹೆಚ್ಚುಕಡಿಮೆ ಪೂರ್ತಿಯಾಗಿ ಮೆರ್ಲೋದಿಂದಲೇ ಆದದ್ದು. ಚಿಲಿ ದೇಶದಲ್ಲಿ ಮೆರ್ಲೋ ಎಂದು ತಿಳಿದು ಬೆಳೆಸಿದ್ದ ಬಳ್ಳಿಗಳಲ್ಲಿ ಬಹಳಷ್ಟು ಕಾರ್ಮೆನೇರ್ ಎಂಬ ಬೇರೆ ತಳಿಯವು ಎಂಬುದು 1994ರಲ್ಲಿ ಗೊತ್ತಾಯಿತು. ಒಂದು ತಳಿಯನ್ನು ಇನ್ನೊಂದೆಂದು ಭಾವಿಸುವುದು ಅನುಭವಿ ಬೆಳೆಗಾರರಿಗೂ ಎಷ್ಟು ಸುಲಭ ಎಂಬುದಕ್ಕೆ ಇದು ಉದಾಹರಣೆ.

## ಹಣ್ಣಿನ ಗುಣಗಳು

ಮೆರ್ಲೋ ಬಳ್ಳಿ ಬೇಗ ಚಿಗುರುತ್ತದೆ, ಬೇಗ ಹಣ್ಣಾಗುತ್ತದೆ. ಕ್ಯಾಬರ್ನೆ ಸೋವಿನ್ಯೋನ್‌ಗೆ ಹೋಲಿಸಿದರೆ ಇದರ ಹಣ್ಣು ತುಸು ದೊಡ್ಡದು, ಸಿಪ್ಪೆ ತೆಳುವು, ಒಗರಿನ ಅಂಶ ಕಡಿಮೆ. ಆದ್ದರಿಂದ ಇದರ ವೈನ್ ಮೃದುವೆಂದು ಹೆಸರಾಗಿದೆ. ಪ್ಲಮ್, ಕಪ್ಪು ಚೆರಿಗಳನ್ನು ನೆನಪಿಸುವ ಪರಿಮಳ ಇದರ ಸಹಜ ಲಕ್ಷಣ.

ಹಣ್ಣನ್ನು ಕೊಯ್ಯುವ ಹೊತ್ತು ವೈನಿನ ಸ್ವಭಾವವನ್ನು ನಿರ್ಧರಿಸುತ್ತದೆ. ಹದ ಬರುವ ಮೊದಲೇ ಕೊಯ್ದರೆ ಪೈರಜೀನ್ ಎಂಬ ಸಂಯುಕ್ತಗಳಿಂದಾಗಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಉಳಿಯುತ್ತದೆ. ಹದ ಮೀರಿ ಕೊಯ್ದರೆ ಸಕ್ಕರೆ ಏರಿ ಹುಳಿ ಇಳಿಯುತ್ತದೆ. ಆಗ ವೈನಿನಲ್ಲಿ ಮದ್ಯಸಾರ ಹೆಚ್ಚಾಗಿ, ತಾಜಾ ಹಣ್ಣಿನ ಬದಲು ಹಣ್ಣಿನ ಮುರಬ್ಬದಂತಹ, ಒಣದ್ರಾಕ್ಷಿಯಂತಹ ರುಚಿ ಬರುತ್ತದೆ. ಬೇಗ ಹಣ್ಣಾಗುವ ಮೆರ್ಲೋದಲ್ಲಿ ಈ ಎರಡು ಅತಿಗಳ ನಡುವಿನ ಹದದ ಅವಧಿ ಕಿರಿದು. ಬಿಸಿಲಿನ ಪ್ರದೇಶಗಳಲ್ಲಿ ಅದು ಇನ್ನೂ ಕಿರಿದಾಗುತ್ತದೆ.

## ಓಕ್ ಮರದ ಪಾತ್ರ

### ಮರ ಮತ್ತು ಪೀಪಾಯಿ

ವೈನ್ ಪೀಪಾಯಿಗೆ ಮುಖ್ಯವಾಗಿ ಮೂರು ಜಾತಿಯ ಓಕ್ ಮರಗಳನ್ನು ಬಳಸುತ್ತಾರೆ. ಯುರೋಪಿನ ಕ್ವರ್ಕಸ್ ಪೆಟ್ರಿಯಾ ಮತ್ತು ಕ್ವರ್ಕಸ್ ರೋಬರ್ ಹಾಗೂ ಅಮೆರಿಕದ ಕ್ವರ್ಕಸ್ ಆಲ್ಬಾ. ಫ್ರಾನ್ಸಿನ ಟ್ರಾನ್ಸೇ, ಆಲಿಯೇ, ವೋಜ್ ಕಾಡುಗಳ ಮರಕ್ಕೆ ವಿಶೇಷ ಬೇಡಿಕೆಯಿದೆ. ಸೀಳಿದ ಹಲಗೆಗಳನ್ನು ಮಳೆ, ಗಾಳಿ, ಬಿಸಿಲಿಗೆ ಒಡ್ಡಿ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಒಣಗಿಸುತ್ತಾರೆ. ಇದರಿಂದ ಮರದ ಒರಟು ಕಹಿ ಮತ್ತು ಒಗರು ಕಡಿಮೆಯಾಗುತ್ತವೆ. ಬೋರ್ಡೋ ಪ್ರಾಂತದಲ್ಲಿ ರೂಢಿಯಲ್ಲಿರುವ ಬಾರಿಕ್ ಪೀಪಾಯಿಯಲ್ಲಿ 225 ಲೀಟರ್ ವೈನ್ ಹಿಡಿಸುತ್ತದೆ.

ಹಲಗೆಗಳನ್ನು ಬಗ್ಗಿಸಿ ಪೀಪಾಯಿಯ ಆಕಾರಕ್ಕೆ ತರುವಾಗ ಒಳಭಾಗವನ್ನು ಬೆಂಕಿಗೆ ಒಡ್ಡಿ ಹದವಾಗಿ ಸುಡುತ್ತಾರೆ. ಎಷ್ಟು ಸುಟ್ಟಿದೆ ಎಂಬುದರ ಮೇಲೆ ಮರದಿಂದ ಬರುವ ಪರಿಮಳಗಳು ಬದಲಾಗುತ್ತವೆ. ಅವುಗಳಲ್ಲಿ ಮುಖ್ಯವಾದವು ಇವು:

- ವೆನಿಲಿನ್: ವೆನಿಲ್ಲಾದ ಪರಿಮಳ. ಮರದಲ್ಲಿರುವ ಲಿಗ್ನಿನ್ ಒಡೆದಾಗ ಹುಟ್ಟುತ್ತದೆ.
- ಓಕ್ ಲ್ಯಾಕ್ಟೋನ್: ತೆಂಗಿನಕಾಯಿ, ಕೊಬ್ಬರಿಯನ್ನು ನೆನಪಿಸುವ ಪರಿಮಳ. ಅಮೆರಿಕದ ಓಕ್‌ನಲ್ಲಿ ಹೆಚ್ಚು.
- ಯೂಜಿನಾಲ್: ಲವಂಗದ ಪರಿಮಳ. ಲವಂಗದ ಎಣ್ಣೆಯಲ್ಲಿರುವ ಪ್ರಧಾನ ಸಂಯುಕ್ತವೂ ಇದೇ.
- ಗ್ವಾಯಕಾಲ್: ಹೊಗೆಯ ವಾಸನೆ. ಚೆನ್ನಾಗಿ ಸುಟ್ಟ ಪೀಪಾಯಿಯಲ್ಲಿ ಹೆಚ್ಚು.
- ಫರ್ಫ್ಯುರಾಲ್ ಮತ್ತು ಅದರ ಬಳಗ: ಹುರಿದ ಬಾದಾಮಿ, ಕಾಯಿಸಿದ ಸಕ್ಕರೆಯ ಛಾಯೆ.

### ಗಾಳಿಯ ಕೆಲಸ

ಪೀಪಾಯಿ ಕೇವಲ ಪರಿಮಳ ಕೊಡುವ ಪಾತ್ರೆಯಲ್ಲ. ಹಲಗೆಗಳ ಸಂದಿನಿಂದ ಮತ್ತು ಮರದ ರಂಧ್ರಗಳಿಂದ ಅತ್ಯಲ್ಪ ಪ್ರಮಾಣದ ಆಮ್ಲಜನಕ ವೈನಿಗೆ ಸೇರುತ್ತಿರುತ್ತದೆ. ಇದರಿಂದ ಕೆಂಪು ಬಣ್ಣ ಸ್ಥಿರಗೊಳ್ಳುತ್ತದೆ, ಒಗರು ಮೃದುವಾಗುತ್ತದೆ. ಇದೇ ವೇಳೆ ಸ್ವಲ್ಪ ವೈನ್ ಆವಿಯಾಗಿ ಹೋಗುವುದರಿಂದ ಪೀಪಾಯಿಯನ್ನು ಆಗಾಗ ತುಂಬುತ್ತಿರಬೇಕು. ಹಾಗೆ ಮಾಡದಿದ್ದರೆ ಒಳಗೆ ಉಳಿದ ಗಾಳಿಯಿಂದ ವೈನ್ ಹುಳಿತು ಕೆಡುತ್ತದೆ.

### ಹೊಸದು, ಹಳೆಯದು, ಬದಲಿ

ಪೀಪಾಯಿ ಹೊಸದಾಗಿದ್ದಾಗ ಮರದ ಪರಿಮಳ ಅತಿ ಹೆಚ್ಚು. ಪ್ರತಿ ಬಳಕೆಯ ಬಳಿಕ ಅದು ಕುಗ್ಗುತ್ತದೆ. ಮೂರು ನಾಲ್ಕು ಬಾರಿ ಬಳಸಿದ ಪೀಪಾಯಿ ಗಾಳಿಯಾಡಲು ಅನುವು ಮಾಡಿಕೊಡುತ್ತದೆಯೇ ಹೊರತು ಹೆಚ್ಚಿನ ಪರಿಮಳ ಕೊಡುವುದಿಲ್ಲ. ಆದ್ದರಿಂದ ಅನೇಕ ತಯಾರಕರು ಹೊಸ ಮತ್ತು ಹಳೆಯ ಪೀಪಾಯಿಗಳಲ್ಲಿ ಮಾಗಿದ ವೈನ್‌ಗಳನ್ನು ಬೆರೆಸುತ್ತಾರೆ.

ಪೀಪಾಯಿ ದುಬಾರಿಯಾದ್ದರಿಂದ ಉಕ್ಕಿನ ತೊಟ್ಟಿಯಲ್ಲಿರುವ ವೈನಿಗೆ ಓಕ್ ಚಕ್ಕೆ ಅಥವಾ ಹಲಗೆಗಳನ್ನು ಹಾಕಿ ಪರಿಮಳ ಬರಿಸುವ ಕ್ರಮವೂ ಇದೆ. ಯುರೋಪಿಯನ್ ಒಕ್ಕೂಟ 2006ರಲ್ಲಿ ಚಕ್ಕೆಗಳ ಬಳಕೆಗೆ ಅನುಮತಿ ನೀಡಿತು. ಚಕ್ಕೆಗಳಿಂದ ಪರಿಮಳ ಬರುತ್ತದೆ. ಆದರೆ ಪೀಪಾಯಿಯೊಳಗೆ ತಿಂಗಳುಗಟ್ಟಲೆ ನಡೆಯುವ ನಿಧಾನವಾದ ಗಾಳಿಯ ಕೆಲಸ ಅವುಗಳಿಂದ ಆಗದು. ಹೀಗಾಗಿ ಬಾಟಲಿಯ ಚೀಟಿಯ ಮೇಲೆ ಓಕ್ ಎಂಬ ಪದವಿದ್ದ ಮಾತ್ರಕ್ಕೆ ವೈನ್ ಪೀಪಾಯಿಯಲ್ಲಿ ಮಾಗಿದೆ ಎಂದು ತಿಳಿಯಲಾಗದು. ರಿಸರ್ವ್ ಎಂಬ ಪದದ ಅರ್ಥವೂ ದೇಶದಿಂದ ದೇಶಕ್ಕೆ ಬೇರೆ. ಸ್ಪೇನಿನ ರಿಯೋಹಾ ಪ್ರಾಂತದಲ್ಲಿ ರಿಸರ್ವಾ ಎನಿಸಿಕೊಳ್ಳುವ ಕೆಂಪು ವೈನ್ ಕನಿಷ್ಠ ಮೂರು ವರ್ಷ ಮಾಗಿರಬೇಕು, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿರಬೇಕು. ಅಮೆರಿಕದಲ್ಲಿ ಈ ಪದಕ್ಕೆ ಅಂತಹ ಕಾನೂನಿನ ಕಟ್ಟುಪಾಡಿಲ್ಲ.

## ಆಸ್ವಾದನೆಯ ಕ್ರಮ

### ಸಿದ್ಧತೆ

ಕೆಳಗೆ ಅಗಲವಾಗಿ ಬಾಯಿಯ ಕಡೆ ಕಿರಿದಾಗುವ, ಬಣ್ಣವಿಲ್ಲದ ಗಾಜಿನ ಲೋಟ ಸೂಕ್ತ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1977ರಲ್ಲಿ ಆಸ್ವಾದನೆಯ ಲೋಟಕ್ಕೆ ಒಂದು ಮಾದರಿಯನ್ನು ನಿಗದಿಪಡಿಸಿದೆ. ಲೋಟಕ್ಕೆ ಸುಮಾರು 50 ಮಿಲಿಲೀಟರ್ ವೈನ್ ಸಾಕು. ಉಳಿದ ಜಾಗ ಪರಿಮಳಕ್ಕೆ ಬೇಕು. ಊದುಬತ್ತಿ, ಮಲ್ಲಿಗೆ, ಒಗ್ಗರಣೆ, ಸುಗಂಧದ್ರವ್ಯ ಇವುಗಳ ವಾಸನೆ ಇಲ್ಲದ ಬೆಳಕಿನ ಕೋಣೆ ಬೇಕು. ಎಲೆಯಡಿಕೆ, ಕಾಫಿ ಸೇವಿಸಿದ ಕೂಡಲೇ ಆಸ್ವಾದನೆ ಸರಿಹೋಗದು.

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಬಡಿಸಬೇಕೆಂಬ ಮಾತು ಚಳಿ ದೇಶಗಳ ತಣ್ಣನೆಯ ಕೋಣೆಗಳಲ್ಲಿ ಹುಟ್ಟಿದ್ದು. ಮೆರ್ಲೋಗೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಹಿತ. ನಮ್ಮ ಹವೆಯಲ್ಲಿ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯುವುದು ಒಳ್ಳೆಯದು. ಬೆಚ್ಚಗಾದರೆ ಮದ್ಯಸಾರದ ಘಾಟು ಮೂಗಿಗೆ ಹೊಡೆಯುತ್ತದೆ. ತೀರ ತಣ್ಣಗಾದರೆ ಪರಿಮಳ ಅಡಗಿ ಒಗರು ಎದ್ದುಕಾಣುತ್ತದೆ.

### ನೋಟ

ಲೋಟವನ್ನು ಬಿಳಿಯ ಕಾಗದದ ಮೇಲೆ ಓರೆಯಾಗಿ ಹಿಡಿದು ಅಂಚನ್ನು ಗಮನಿಸಬೇಕು. ಎಳೆಯ ಮೆರ್ಲೋದ ಅಂಚು ನೇರಳೆಗೆಂಪು. ವರ್ಷ ಕಳೆದಂತೆ ಅದು ಇಟ್ಟಿಗೆಯ ಬಣ್ಣಕ್ಕೂ ಕಂದಿಗೂ ತಿರುಗುತ್ತದೆ. ಲೋಟದ ಒಳಮೈಯಲ್ಲಿ ಇಳಿಯುವ ಹನಿಗೆರೆಗಳು ಮುಖ್ಯವಾಗಿ ಮದ್ಯಸಾರದ ಪ್ರಮಾಣಕ್ಕೆ ಸಂಬಂಧಿಸಿದವು. ಗುಣಮಟ್ಟದ ಗುರುತು ಅವಲ್ಲ.

ಕಣ್ಣನ್ನು ಪೂರ್ತಿ ನಂಬುವಂತಿಲ್ಲ. ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು 54 ಮಂದಿಗೆ ನೀಡಲಾಯಿತು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ವರ್ಣಿಸಿದರು. ಕಣ್ಣು ಹೇಳಿದ್ದನ್ನು ಮೂಗು ಅನುಮೋದಿಸಿತು. ಈ ಕಾರಣಕ್ಕೆ ಗಂಭೀರ ಸ್ಪರ್ಧೆಗಳಲ್ಲಿ ಬಾಟಲಿಯ ಹೆಸರು, ಬೆಲೆಗಳನ್ನು ಮರೆಮಾಡಿ ವೈನ್ ನೀಡುತ್ತಾರೆ.

### ಮೂಗು

ಮೊದಲು ಲೋಟವನ್ನು ಅಲುಗಿಸದೆ ಮೂಸಬೇಕು. ಬಳಿಕ ವೃತ್ತಾಕಾರವಾಗಿ ತಿರುಗಿಸಿ ಮತ್ತೆ ಮೂಸಬೇಕು. ಎರಡೂ ಸಲ ಕಂಡದ್ದನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಉತ್ತಮ. ಮೊದಲು ಹಣ್ಣು ಬಂತೇ, ಮರ ಬಂತೇ ಎಂಬುದು ಇಲ್ಲಿನ ಮುಖ್ಯ ಟಿಪ್ಪಣಿ. ಒಂದೇ ಸಮನೆ ಮೂಸುತ್ತಿದ್ದರೆ ಮೂಗು ಆ ವಾಸನೆಗೆ ಒಗ್ಗಿಹೋಗುವುದರಿಂದ ನಡುವೆ ಬಿಡುವು ಕೊಡಬೇಕು.

### ಬಾಯಿ

ಒಂದು ಚಿಕ್ಕ ಗುಟುಕನ್ನು ಬಾಯಿಗೆ ತೆಗೆದುಕೊಂಡು, ನಾಲಗೆ, ಕೆನ್ನೆಯ ಒಳಭಾಗ, ಒಸಡು ಎಲ್ಲಕ್ಕೂ ತಾಗುವಂತೆ ಆಡಿಸಬೇಕು. ತುಟಿಗಳ ನಡುವಿನಿಂದ ಸ್ವಲ್ಪ ಗಾಳಿ ಎಳೆದುಕೊಂಡರೆ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎಂದು ಕರೆಯುವುದರ ಬಹುಭಾಗ ಹೀಗೆ ಹಿಂಬಾಗಿಲಿನಿಂದ ಮೂಗನ್ನು ತಲುಪಿದ ಪರಿಮಳವೇ. ನೆಗಡಿಯಾದಾಗ ಊಟ ಸಪ್ಪೆಯಾಗುವುದು ಇದಕ್ಕೇ. ಸಿಹಿ, ಹುಳಿ, ಕಹಿ, ಒಗರು, ಮದ್ಯಸಾರದ ಬಿಸಿ, ದ್ರವದ ಸಾಂದ್ರತೆ ಇವನ್ನು ಒಂದೊಂದಾಗಿ ಗಮನಿಸಬೇಕು. ಹುಳಿ ಹೆಚ್ಚಾದಷ್ಟು ಬಾಯಲ್ಲಿ ನೀರೂರುತ್ತದೆ.

### ಉಳಿಯುವ ರುಚಿ

ನುಂಗಿದ ಅಥವಾ ಉಗುಳಿದ ಬಳಿಕ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಕೊನೆಯಲ್ಲಿ ನಿಲ್ಲುವುದು ಯಾವುದು ಎಂಬುದನ್ನು ನೋಡಬೇಕು. ಹಣ್ಣಿನ ನೆನಪು ಉಳಿದರೆ ಅದು ಉತ್ತಮ ಲಕ್ಷಣ. ಹಣ್ಣು ಬೇಗ ಮಾಯವಾಗಿ ಹಲಗೆಯ ಕಹಿ ಮಾತ್ರ ಉಳಿದರೆ ಮರ ಮೇಲುಗೈ ಸಾಧಿಸಿದೆ ಎಂದರ್ಥ.

## ಒಗರು

ಕೆಂಪು ವೈನಿನ ಆಸ್ವಾದನೆಯಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವುದು ಕಹಿ ಮತ್ತು ಒಗರುಗಳ ನಡುವೆ. ಕಹಿಯು ನಾಲಗೆಯ ರುಚಿಮೊಗ್ಗುಗಳು ಗುರುತಿಸುವ ರುಚಿ. ಒಗರು ಹಾಗಲ್ಲ. ಟ್ಯಾನಿನ್ ಎಂಬ ಸಂಯುಕ್ತಗಳು ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು, ಬಾಯಿಯ ಜಾರುತನವನ್ನು ಕಳೆದಾಗ ಉಂಟಾಗುವ ಒಣ, ತರಿತರಿಯಾದ ಸ್ಪರ್ಶವೇ ಒಗರು ಎಂದು ಆಧುನಿಕ ವಿಜ್ಞಾನ ಬಹುಮಟ್ಟಿಗೆ ವಿವರಿಸುತ್ತದೆ. ಆಯುರ್ವೇದವು ಇದನ್ನು ಕಷಾಯವೆಂದು ಕರೆದು ಆರು ರಸಗಳಲ್ಲಿ ಸೇರಿಸಿದೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಎಣಿಸಿ ಬೆಳೆದ ಕನ್ನಡಿಗರಿಗೆ ಈ ಭೇದ ಹೊಸದಲ್ಲ.

ಮಲೆನಾಡು ಮತ್ತು ಅರೆಮಲೆನಾಡಿನವರಿಗೆ ಇದರ ಇನ್ನೂ ಹತ್ತಿರದ ಪರಿಚಯವಿದೆ. ತೊಗರ್ಸಿ ಇರುವ ಶಿಕಾರಿಪುರ ತಾಲ್ಲೂಕು, ನೆರೆಯ ಸೊರಬ, ಸಾಗರ ಸೀಮೆಗಳಲ್ಲಿ ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಬೇಯಿಸಿದ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೇಯಿಸಿದಂತೆ ಅದು ಕೆಂಪಾಗಿ ದಟ್ಟವಾಗುತ್ತದೆ. ಅದೇ ಚೊಗರು. ಅಡಿಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುವ ಈ ದ್ರವ ಟ್ಯಾನಿನ್‌ನ ಗಟ್ಟಿ ರೂಪ. ಅಡಿಕೆಯ ಟ್ಯಾನಿನ್ ಮತ್ತು ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್ ಎರಡೂ ರಸಾಯನಶಾಸ್ತ್ರದಲ್ಲಿ ಸಾಂದ್ರಿತ ಟ್ಯಾನಿನ್ ಎಂಬ ಒಂದೇ ವರ್ಗಕ್ಕೆ ಸೇರುತ್ತವೆ.

ಓಕ್ ಮರದ ಟ್ಯಾನಿನ್ ಬೇರೆ ವರ್ಗದ್ದು. ಅದು ನೀರಿನೊಂದಿಗೆ ವಿಭಜನೆಗೊಳ್ಳಬಲ್ಲ ವರ್ಗ. ಪಶ್ಚಿಮಘಟ್ಟದ ಕಾಡುಗಳಲ್ಲಿ ಸಿಗುವ ಅಳಲೆಕಾಯಿಯ ಒಗರು ಈ ವರ್ಗಕ್ಕೆ ಸೇರಿದ್ದು. ಅಳಲೆಕಾಯಿಯನ್ನು ಇಲ್ಲಿ ಚರ್ಮ ಹದಮಾಡಲು ಬಳಸಿದಂತೆ ಯುರೋಪಿನಲ್ಲಿ ಓಕ್ ತೊಗಟೆಯನ್ನು ಬಳಸುತ್ತಿದ್ದರು. ಟ್ಯಾನಿನ್ ಎಂಬ ಹೆಸರು ಹುಟ್ಟಿದ್ದೇ ಆ ಚರ್ಮ ಹದಮಾಡುವ ಕಸುಬಿನಿಂದ. ಹೀಗೆ ಓಕ್ ಪೀಪಾಯಿಯ ಮೆರ್ಲೋದಲ್ಲಿ ಅಡಿಕೆಯ ಬಳಗದ ಒಗರೂ ಅಳಲೆಕಾಯಿಯ ಬಳಗದ ಒಗರೂ ಒಟ್ಟಿಗೆ ಇರುತ್ತವೆ. ಹಣ್ಣಿನದು ಮರದ್ದಕ್ಕಿಂತ ಬಹಳ ಹೆಚ್ಚಾಗಿರುವುದು ಸಾಮಾನ್ಯ.

ಒಗರು ಇರುವುದು ದೋಷವಲ್ಲ. ಚೆನ್ನಾಗಿ ಮಾಗಿದ ವೈನಿನಲ್ಲಿ ಅದು ನಯವಾಗಿ ಬಾಯಿಯನ್ನು ಆವರಿಸಿ ನಿಧಾನವಾಗಿ ಕರಗುತ್ತದೆ. ಹದ ತಪ್ಪಿದಾಗ ಬಲಿಯದ ಬಾಳೆಕಾಯಿಯನ್ನು ಕಚ್ಚಿದಂತೆ ಬಾಯಿ ಹಿಡಿದುಕೊಳ್ಳುತ್ತದೆ.

## ಪರಿಮಳಗಳಿಗೆ ಹೋಲಿಕೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ನೋಬಲ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ವೈನ್ ಪರಿಮಳಗಳಿಗೆ ಸಾಮಾನ್ಯ ಪದಾವಳಿಯೊಂದನ್ನು ಪ್ರಸ್ತಾಪಿಸಿದರು. ಪರಿಮಳ ಚಕ್ರವೆಂದು ಪ್ರಸಿದ್ಧವಾದ ಅದರ ಉದ್ದೇಶ, ಭವ್ಯ, ಸೊಗಸು ಮುಂತಾದ ಅಸ್ಪಷ್ಟ ಪ್ರಶಂಸೆಗಳನ್ನು ಬಿಟ್ಟು ನಿರ್ದಿಷ್ಟ ವಸ್ತುಗಳ ಹೆಸರು ಹೇಳುವುದು. ಆದರೆ ಬ್ಲ್ಯಾಕ್‌ಬೆರ್ರಿಯನ್ನು ಎಂದೂ ಮೂಸದವರಿಗೆ ಆ ಪದದಿಂದ ಪ್ರಯೋಜನವಿಲ್ಲ. ಹೋಲಿಕೆ ಆಸ್ವಾದಕನ ಅನುಭವದಿಂದಲೇ ಬರಬೇಕು. ಓಕ್ ಪೀಪಾಯಿಯ ಮೆರ್ಲೋದಲ್ಲಿ ಕಾಣುವ ಪರಿಮಳಗಳಿಗೆ ಕರ್ನಾಟಕದ ಓದುಗರು ಬಳಸಬಹುದಾದ ಹೋಲಿಕೆಗಳು:

- ಹಣ್ಣಿನಿಂದ ಬರುವವು: ಪ್ಲಮ್, ಕಪ್ಪು ಚೆರಿ, ಕಳಿತ ನೇರಳೆ, ಹಿಪ್ಪುನೇರಳೆ, ಕವಳಿ ಹಣ್ಣು.
- ಹದ ಮೀರಿದ ಹಣ್ಣಿನಿಂದ: ಒಣದ್ರಾಕ್ಷಿ, ಉತ್ತುತ್ತೆ, ಹಣ್ಣಿನ ಮುರಬ್ಬ.
- ಹದ ಬಾರದ ಹಣ್ಣಿನಿಂದ: ದೊಣ್ಣೆಮೆಣಸಿನಕಾಯಿ, ಹಸಿ ಎಲೆ.
- ಮರದಿಂದ: ವೆನಿಲ್ಲಾ, ಲವಂಗ, ಕೊಬ್ಬರಿ.
- ಸುಟ್ಟ ಮರದಿಂದ: ಹುರಿದ ಕಾಫಿ ಬೀಜ, ಹುರಿದ ಗೋಡಂಬಿ, ಜೋನಿಬೆಲ್ಲ, ಹೊಗೆ.
- ಬಾಟಲಿಯಲ್ಲಿ ವರ್ಷಗಟ್ಟಲೆ ಇದ್ದಾಗ: ಒಣ ಎಲೆ, ಮಳೆ ಬಿದ್ದ ಮಣ್ಣು, ಅಣಬೆ, ಚರ್ಮ.

## ಹಣ್ಣು ಮತ್ತು ಮರದ ಸಮತೋಲನ

ಮೆರ್ಲೋ ಮೃದುವಾದ ದ್ರಾಕ್ಷಿ. ಹದವರಿತು ಬಳಸಿದ ಓಕ್ ಅದಕ್ಕೆ ಬೆನ್ನೆಲುಬು ಕೊಡುತ್ತದೆ. ಅತಿಯಾದರೆ ಹಣ್ಣನ್ನು ಮುಚ್ಚಿಬಿಡುತ್ತದೆ. ವೆನಿಲ್ಲಾ ಮತ್ತು ಕೊಬ್ಬರಿಯ ಪರಿಮಳ ಎಲ್ಲರಿಗೂ ಹಿತವಾಗಿ ತೋರುವುದರಿಂದ, ದುರ್ಬಲ ವೈನನ್ನೂ ಮರದ ಪರಿಮಳದಿಂದ ಆಕರ್ಷಕಗೊಳಿಸುವುದು ಸಾಧ್ಯ. ಇದನ್ನು ಗುರುತಿಸಲು ಕೆಲವು ಸರಳ ಪರೀಕ್ಷೆಗಳಿವೆ.

ಒಂದು, ಓಕ್ ಸೋಕದ ಮೆರ್ಲೋ ಮತ್ತು ಓಕ್ ಪೀಪಾಯಿಯ ಮೆರ್ಲೋ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು. ಎರಡನೆಯದರಲ್ಲಿ ಹೆಚ್ಚಾಗಿ ಕಂಡದ್ದು ಬಹುಪಾಲು ಮರದ ಕೊಡುಗೆ. ಎರಡು, ಲೋಟದಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ಮೂಸುವುದು. ಚೆನ್ನಾಗಿ ಹೊಂದಿಕೊಂಡ ವೈನಿನಲ್ಲಿ ಗಾಳಿ ತಾಗಿದಂತೆ ಹಣ್ಣು ಅರಳುತ್ತದೆ. ಮರವೇ ಮೇಲಾದ ವೈನಿನಲ್ಲಿ ಕೆತ್ತಿದ ಹಲಗೆಯ ವಾಸನೆ ಮಾತ್ರ ಉಳಿಯುತ್ತದೆ. ಮೂರು, ಕೊನೆಯಲ್ಲಿ ಉಳಿಯುವ ರುಚಿ ಯಾವುದೆಂದು ಗಮನಿಸುವುದು.

ಎಳೆಯ ವೈನಿನಲ್ಲಿ ಮರ ತುಸು ಮುಂದಿರುವುದು ಸಹಜ. ಬಾಟಲಿಯಲ್ಲಿ ಕೆಲವು ವರ್ಷ ಕಳೆದರೆ ಅದು ಹೊಂದಿಕೊಳ್ಳಬಹುದು. ಆದರೆ ಆರಂಭದಲ್ಲಿ ಇಲ್ಲದ ಹಣ್ಣು ಕಾಲ ಕಳೆದಂತೆ ಹುಟ್ಟಿಕೊಳ್ಳುವುದಿಲ್ಲ.

## ಸಾಮಾನ್ಯ ದೋಷಗಳು

- ನೆನೆದ ರಟ್ಟು, ಬೂಷ್ಟು ಹಿಡಿದ ಗೋಣಿಯ ವಾಸನೆ: ಬಿರಡೆಯಿಂದ ಬರುವ ಟಿಸಿಎ ಎಂಬ ಸಂಯುಕ್ತದ ಪರಿಣಾಮ. ಪೀಪಾಯಿಯ ವಾಸನೆ ಎಂದು ತಪ್ಪು ತಿಳಿಯುವವರಿದ್ದಾರೆ.
- ವಿನೆಗರ್ ಅಥವಾ ಉಗುರುಬಣ್ಣದ ವಾಸನೆ: ಬ್ಯಾಕ್ಟೀರಿಯಾಗಳಿಂದ ಹುಳಿತದ್ದು.
- ಕೊಟ್ಟಿಗೆ, ಕುದುರೆಲಾಯದ ವಾಸನೆ: ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಕಾರಣ. ಸರಿಯಾಗಿ ಶುಚಿಮಾಡದ ಹಳೆಯ ಪೀಪಾಯಿಗಳಲ್ಲಿ ನೆಲೆಸುತ್ತದೆ.
- ಎಳೆಯ ವೈನಿನಲ್ಲೇ ಕಂದು ಬಣ್ಣ, ಸಪ್ಪೆ ರುಚಿ: ಗಾಳಿ ಅಥವಾ ಬಿಸಿ ಅತಿಯಾಗಿ ತಾಗಿದ್ದು.

ಬಾಟಲಿಯ ತಳದಲ್ಲಿ ಕಾಣುವ ಗಸಿ ದೋಷವಲ್ಲ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ಇಳಿದ ಮೇಲೆ ತಿಳಿಯನ್ನು ನಿಧಾನವಾಗಿ ಬಗ್ಗಿಸಿಕೊಂಡರೆ ಸಾಕು.

## ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ದ್ರಾಕ್ಷಿ ಹಳೆಯ ಬೆಳೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ ಮಾರುತ್ತಿದ್ದುದನ್ನು ದಾಖಲಿಸಿದ್ದಾನೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಭಾಗಗಳಲ್ಲಿ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ತಿನ್ನಲೂ ರಸಕ್ಕೂ ಬಳಸುವ ಈ ತಳಿಯಿಂದ ಸಿಹಿ ವೈನನ್ನೂ ಮಾಡುತ್ತಾರೆ. ಅದರ ಕಸ್ತೂರಿಯಂತಹ ಗಾಢ ಪರಿಮಳ ಮೆರ್ಲೋದಂತಹ ಯುರೋಪಿನ ತಳಿಗಳದ್ದಕ್ಕಿಂತ ಪೂರ್ತಿ ಭಿನ್ನ.

ಯುರೋಪಿನ ವೈನ್ ತಳಿಗಳ ಕೃಷಿಗೆ ದಾರಿ ತೋರಿದ್ದು ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಸಮೀಪದ ಗ್ರೋವರ್ ದ್ರಾಕ್ಷಿ ತೋಟ. ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ಷಾಂಪೇನ್ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ 1988ರಲ್ಲಿ ಈ ಸಂಸ್ಥೆಯನ್ನು ಕಟ್ಟಿದರು. 1992ರಲ್ಲಿ ಮೊದಲ ವೈನ್ ಮಾರುಕಟ್ಟೆಗೆ ಬಂತು. 1990ರ ದಶಕದ ಮಧ್ಯಭಾಗದಿಂದ ಮಿಶೆಲ್ ರೋಲಾಂ ಇದರ ಸಲಹೆಗಾರರಾದರು. ಅವರು ಮೆರ್ಲೋದ ತವರಾದ ಪೊಮೆರೋಲಿನಲ್ಲಿ ದ್ರಾಕ್ಷಿ ತೋಟವಿದ್ದ ಮನೆತನದವರು. ಚೆನ್ನಾಗಿ ಹಣ್ಣಾದ ದ್ರಾಕ್ಷಿ ಮತ್ತು ಹೊಸ ಓಕ್ ಇವರ ಶೈಲಿಯ ಗುರುತು ಎಂದು ಮೆಚ್ಚಿದವರೂ ಟೀಕಿಸಿದವರೂ ಹೇಳುತ್ತಾರೆ. ಈ ತೋಟದ ಪ್ರಸಿದ್ಧ ಲಾ ರಿಸರ್ವ್ ಮೆರ್ಲೋ ಅಲ್ಲ. ಅದು ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ತಳಿಗಳ ಮಿಶ್ರಣ. ಫ್ರೆಂಚ್ ಓಕ್‌ನಲ್ಲಿ ಮಾಗಿದ ಕರ್ನಾಟಕದ ಕೆಂಪು ವೈನಿಗೆ ಅದು ಮೊದಲ ದೊಡ್ಡ ಉದಾಹರಣೆಯಾಯಿತು. 2012ರಲ್ಲಿ ನಾಸಿಕದ ಸಂಸ್ಥೆಯೊಂದರ ಜೊತೆ ವಿಲೀನವಾದ ಬಳಿಕ ಸಂಸ್ಥೆಯ ಹೆಸರು ಗ್ರೋವರ್ ಜಂಪಾ ಎಂದಾಯಿತು.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಬಳಿಕ ವೈನ್ ಮಂಡಳಿ ರಚನೆಯಾಯಿತು. ನಂದಿ, ಕೃಷ್ಣಾ, ಕಾವೇರಿ ಕಣಿವೆಗಳು ಮತ್ತು ಹಂಪಿ ಸೀಮೆ ರಾಜ್ಯದ ವೈನ್ ದ್ರಾಕ್ಷಿಯ ಪ್ರದೇಶಗಳೆಂದು ಹೆಸರಾಗಿವೆ. ಭಾರತದಲ್ಲಿ ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್‌ಗಳಿಗೆ ಹೋಲಿಸಿದರೆ ಮೆರ್ಲೋ ಬೆಳೆ ಕಡಿಮೆ. ಆದರೂ ತಯಾರಕರು ಅದನ್ನು ಕೈಬಿಟ್ಟಿಲ್ಲ. ಬೆಂಗಳೂರಿನ ಹೊರವಲಯದ ದೊಡ್ಡ ಆಲದ ಮರದ ಹೆಸರು ಹೊತ್ತ ಬಿಗ್ ಬ್ಯಾನಿಯನ್ ಸರಣಿಯಲ್ಲಿ ಮೆರ್ಲೋ ವೈನ್ ಬಂದಿದೆ.

ಇಲ್ಲಿನ ಹವಾಮಾನದಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆರಡು ಬಾರಿ ಚಾಟನಿ ಮಾಡುತ್ತಾರೆ. ಬೇಸಿಗೆಯ ಆರಂಭದ ಚಾಟನಿ ಬಳ್ಳಿಯನ್ನು ಬೆಳೆಸಲು, ಮಳೆಗಾಲದ ಕೊನೆಯ ಚಾಟನಿ ಫಸಲಿಗೆ. ಯುರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಡೆಯುವ ಕೊಯ್ಲು ಇಲ್ಲಿ ಹೆಚ್ಚಾಗಿ ಜನ���ರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಸುಮಾರು 900 ಮೀಟರ್ ಎತ್ತರದ ನಂದಿ ತಪ್ಪಲಿನಲ್ಲಿ ಆ ತಿಂಗಳುಗಳ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಯುತ್ತವೆ. ಫೆಬ್ರವರಿ ಕಳೆದು ಬಿಸಿಲೇರಿದರೆ ಬೇಗ ಹಣ್ಣಾಗುವ ಮೆರ್ಲೋ ಕೆಲವೇ ದಿನಗಳಲ್ಲಿ ಹದ ದಾಟುತ್ತದೆ. ಹಾಗೆ ಹುಳಿ ಕಳೆದುಕೊಂಡ ಹಣ್ಣಿನ ಕೊರತೆಯನ್ನು ಮರದ ಪರಿಮಳದಿಂದ ತುಂಬಲು ಹೊರಟರೆ ವೈನ್ ಭಾರವಾಗುತ್ತದೆ. ಆದ್ದರಿಂದ ಇಲ್ಲಿನ ಓಕ್ ಪೀಪಾಯಿಯ ಕೆಂಪು ವೈನ್‌ಗಳನ್ನು ಅಳೆಯುವಾಗ ಮರದ ಸೊಗಸಿಗಿಂತ ಮೊದಲು ಹುಳಿಯ ತಾಜಾತನವನ್ನು ನೋಡುವುದು ಉಚಿತ.

## ಊಟದೊಂದಿಗೆ

ಕೊಬ್ಬು ಮತ್ತು ಉಪ್ಪು ಒಗರನ್ನು ಮೃದುಗೊಳಿಸುತ್ತವೆ. ಮೆಣಸಿನಕಾಯಿಯ ಖಾರ ಮದ್ಯಸಾರದ ಬಿಸಿಯನ್ನೂ ಒಗರನ್ನೂ ಹೆಚ್ಚಿಸುತ್ತದೆ. ಈ ಎರಡು ಸೂತ್ರಗಳಿಂದ ಹೊಂದಾಣಿಕೆಯನ್ನು ಊಹಿಸಬಹುದು. ಹದ ಖಾರದ ಕುರಿಮಾಂಸದ ಸಾರು, ಕಾಚಂಪುಳಿ ಹಾಕಿದ ಕೊಡಗಿನ ಹಂದಿಮಾಂಸ, ಅಣಬೆಯ ಪಲ್ಯ, ಎಳ್ಳು ಶೇಂಗಾ ತುಂಬಿದ ಬದನೆಕಾಯಿ ಎಣ್ಣೆಗಾಯಿ ಮತ್ತು ಜೋಳದ ರೊಟ್ಟಿ ಇದಕ್ಕೆ ಹೊಂದುತ್ತವೆ. ಅತಿ ಖಾರದ ಚಟ್ನಿ, ಹುಳಿ ಹೆಚ್ಚಿರುವ ತಿಳಿಸಾರು, ಸಿಹಿತಿಂಡಿ ಹೊಂದುವುದಿಲ್ಲ. ಸಿಹಿ ತಿಂದ ಬಾಯಿಗೆ ಯಾವ ಒಣ ವೈನೂ ಹುಳಿಯಾಗಿ, ಒರಟಾಗಿ ತೋರುತ್ತದೆ.

## ಇಡುವ ವಿಧಾನ

ಬಾಟಲಿಯನ್ನು 12ರಿಂದ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಳಕು ತಾಗದಂತೆ ಇಡಬೇಕು. ಬಿರಡೆ ಒಣಗದಿರಲು ಮಲಗಿಸಿಡುವುದು ರೂಢಿ. ಕಲಬುರಗಿ, ರಾಯಚೂರುಗಳಂತಹ ಊರುಗಳ ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟ ವೈನ್ ಕೆಲವೇ ವಾರಗಳಲ್ಲಿ ಕಳೆಗುಂದಬಹುದು. ತೆರೆದ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಬಳಸಬಹುದು.

## ಆರೋಗ್ಯ

ವೈನಿನ ಮದ್ಯಸಾರವೂ ಇತರ ಮದ್ಯಗಳ ಮದ್ಯಸಾರವೂ ಒಂದೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ಮದ್ಯಪಾನೀಯಗಳನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಆರೋಗ್ಯಕ್ಕೆ ಪೂರ್ತಿ ಸುರಕ್ಷಿತವಾದ ಮದ್ಯದ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಡಿಕೆಯೂ ಅದೇ ಮೊದಲ ಗುಂಪಿನಲ್ಲಿದೆ. ಈ ಲೇಖನದಲ್ಲಿ ಅದು ಬಂದಿರುವುದು ರುಚಿಯ ಹೋಲಿಕೆಗಾಗಿ ಮಾತ್ರ. ಗರ್ಭಿಣಿಯರು, ಯಕೃತ್ತಿನ ತೊಂದರೆಯುಳ್ಳವರು, ಮದ್ಯದೊಂದಿಗೆ ಹೊಂದದ ಔಷಧಿ ಸೇವಿಸುವವರು ವೈನಿನಿಂದ ದೂರವಿರಬೇಕು. ಕಾನೂನು ನಿಗದಿಪಡಿಸಿದ ವಯಸ್ಸಾಗದವರಿಗೆ ಮದ್ಯ ಮಾರುವುದು ಅಪರಾಧ.

ಪರಿಮಳಗಳನ್ನು ಬೇರ್ಪಡಿಸಿ ಗುರುತಿಸುವ ಕಲೆಯನ್ನು ಕಲಿಯಲು ವೈನೇ ಬೇಕೆಂದಿಲ್ಲ. ಕಾಫಿ ಮತ್ತು ಚಹಾ ಪರೀಕ್ಷಕರು ಇದೇ ಕ್ರಮವನ್ನು ಅನುಸರಿಸುತ್ತಾರೆ. ಲವಂಗ, ವೆನಿಲ್ಲಾ, ಕೊಬ್ಬರಿ, ಹುರಿದ ಕಾಫಿ ಬೀಜಗಳನ್ನು ಮುಚ್ಚಿದ ಡಬ್ಬಿಗಳಲ್ಲಿಟ್ಟು ಕಣ್ಣು ಮುಚ್ಚಿ ಗುರುತಿಸುವ ಅಭ್ಯಾಸದಿಂದ ಯಾರು ಬೇಕಾದರೂ ಮೂಗನ್ನು ಪಳಗಿಸಬಹುದು.